ಘಾಟಿಯಲ್ಲಿ ಬಂದ ಸುಟ್ಟ ವಾಸನೆ

ಮಕ್ಕಳೇ, ಒಮ್ಮೆ ಮಳೆಗಾಲ ಮುಗಿದ ಹೊಸತರಲ್ಲಿ ವಿಜ್ಞಾನ ಕಿಟ್‌ಗಳನ್ನು ಕಾರಿಗೆ ತುಂಬಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಸೋಮೇಶ್ವರದ ಕಡೆಗೆ ಇಳಿಯುವ ಈ ದಾರಿಯಲ್ಲಿ 14 ಕಡಿದಾದ ತಿರುವುಗಳಿವೆ. ಅರ್ಧ ಇಳಿದಿರಬಹುದು, ರಬ್ಬರು ಸುಟ್ಟಂಥ ಘಾಟು ಮೂಗಿಗೆ ಬಡಿಯಿತು. ಚಾಲಕರು ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿದರು. ಎಂಜಿನ್ ಆರಿಸಿ, ಕಾರನ್ನು ಗೇರಿನಲ್ಲೇ ಬಿಟ್ಟು, ಚಕ್ರದ ಮುಂದೆ ಕಲ್ಲು ಇಟ್ಟರು. "ಮೇಷ್ಟ್ರೇ, ಮೊದಲು ಇಳೀರಿ" ಅಂದರು.

ವಾಸನೆ ಎಲ್ಲಿಂದ ಬಂತು? ವೈರು ಸುಟ್ಟಿತೇ? ಡ್ಯಾಶ್‌ಬೋರ್ಡಿನ ಹತ್ತಿರ ಮೂಸಿದೆವು, ಅಲ್ಲಿ ಏನೂ ಇಲ್ಲ. ಬಾನೆಟ್ ಕೆಳಗೂ ಹೊಗೆ ಇಲ್ಲ. ಕ್ಲಚ್ ಸುಟ್ಟರೂ ಹೀಗೇ ಘಾಟು ಬರುತ್ತದೆ. ಆದರೆ ಅದು ಹೆಚ್ಚಾಗಿ ಏರು ಹತ್ತುವಾಗ, ಕ್ಲಚ್ಚನ್ನು ಅರ್ಧ ಒತ್ತಿಹಿಡಿದಾಗ. ನಾವು ಇಳಿಯುತ್ತಿದ್ದೆವು. ಉಳಿದದ್ದು ಬ್ರೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಜನ, ಸಾಮಾನು ಸೇರಿ ಒಂದು ಕಾರಿನ ತೂಕ 1200 ಕಿಲೋಗ್ರಾಂ ಎಂದುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಕೆಳಗಿಳಿದರೆ, ಎತ್ತರದಲ್ಲಿದ್ದಾಗ ಅದರಲ್ಲಿದ್ದ ಪ್ರಚ್ಛನ್ನ ಶಕ್ತಿಯಲ್ಲಿ ಸುಮಾರು 60 ಲಕ್ಷ ಜೂಲ್‌ಗಳಷ್ಟು ಬಿಡುಗಡೆಯಾಗುತ್ತದೆ. ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬಳಸಿದರೆ ಇಷ್ಟು ಶಕ್ತಿ ಸುಮಾರು 19 ಲೀಟರ್ ನೀರಿಗೆ ಸಾಕು. ಒಂದು ದೊಡ್ಡ ಬಕೆಟ್ ನೀರು! ಕಾರಿನ ವೇಗ ಏರಬಾರದು ಎಂದರೆ ಈ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ? ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಚಿಕ್ಕ ಗೇರಿನಲ್ಲಿದ್ದರೆ ಎಂಜಿನ್ನೂ ಒಂದಷ್ಟು ಹೀರಿಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ಬ್ರೇಕಿನ ಪಾಲು.

ಮುಂದಿನ ಚಕ್ರದ ಜೊತೆ ಡಿಸ್ಕ್ ಎಂಬ ಕಬ್ಬಿಣದ ತಟ್ಟೆ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುತ್ತವೆ. ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ. ಉಷ್ಣ ಮಿತಿ ಮೀರಿದರೆ ಪ್ಯಾಡಿನ ಪುಡಿಯನ್ನು ಹಿಡಿದಿಟ್ಟಿರುವ ರಾಳದಂಥ ಅಂಟು ಕರಕಲಾಗುತ್ತದೆ. ಆ ವಾಸನೆಯೇ ನಮಗೆ ಬಂದದ್ದು. ಇದನ್ನು ಅಲಕ್ಷಿಸಿ ಮುಂದೆ ಹೋದರೆ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿದು ಅದರಲ್ಲಿ ಆವಿಯ ಗುಳ್ಳೆಗಳೂ ಏಳಬಹುದು. ದ್ರವವನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ, ಆವಿ ಸುಲಭವಾಗಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಮುಂದಿನ ತಿರುವಿನಲ್ಲಿ ಹೀಗಾದರೆ ಏನಾದೀತು ಎಂದು ಯೋಚಿಸಿ.

"ಚಿಕ್ಕ ಗೇರಿನಲ್ಲಿ ಇಳಿಯಬೇಕಿತ್ತು ನೋಡಿ" ಎಂದು ನಾನು ಚಾಲಕರಿಗೆ ದೊಡ್ಡ ಪಾಠ ಮಾಡಿದೆ. ಅವರು ಏನೂ ಹೇಳದೆ ಒಂದೊಂದು ಚಕ್ರದ ಬಳಿಯೂ, ಮುಟ್ಟದೆ, ಗೇಣು ದೂರದಲ್ಲಿ ಅಂಗೈ ಹಿಡಿಯುತ್ತ ಹೋದರು. (ಇದು ದೊಡ್ಡವರ ಕೆಲಸ. ಬಿಸಿಯಾದ ಡಿಸ್ಕ್ ತಾಗಿದರೆ ಚರ್ಮ ಸುಡುತ್ತದೆ.) ಎಡಗಡೆಯ ಮುಂದಿನ ಚಕ್ರ ಮಾತ್ರ ಒಲೆಯಂತೆ ಝಳ ಹೊಡೆಯುತ್ತಿತ್ತು! ಉಳಿದ ಮೂರೂ ಬೆಚ್ಚಗಷ್ಟೇ ಇದ್ದವು. ಬ್ರೇಕ್ ಅತಿಯಾಗಿ ಒತ್ತಿದ್ದರೆ ಮುಂದಿನ ಎರಡೂ ಚಕ್ರಗಳು ಒಂದೇ ಸಮ ಕಾಯಬೇಕಿತ್ತು. ಹ್ಯಾಂಡ್‌ಬ್ರೇಕ್ ಬಿಡಲು ಮರೆತಿದ್ದರೆ ಸಾಮಾನ್ಯವಾಗಿ ಹಿಂದಿನ ಎರಡು ಕಾಯುತ್ತವೆ. ಒಂದೇ ಚಕ್ರ ಕಾದಿದೆ ಎಂದರೆ ದೋಷ ಆ ಚಕ್ರದಲ್ಲೇ ಇದೆ. ನನ್ನ ಊಹೆ ತಪ್ಪಾಗಿತ್ತು, ಒಪ್ಪಿಕೊಂಡೆ.

ನೀರು ಹಾಕಿ ತಣಿಸೋಣ ಎಂದದ್ದೂ ನಾನೇ. ಅದೂ ತಪ್ಪು. ಕಾದ ಕಬ್ಬಿಣ ಥಟ್ಟನೆ ತಣಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕೆಳಗೆ ಹೋಗುತ್ತಿದ್ದ ಮಿನಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಹೇಳಿಕಳುಹಿಸಿ ಕಾದು ಕುಳಿತೆವು. ಬೈಕಿನಲ್ಲಿ ಬಂದ ಮೆಕ್ಯಾನಿಕ್ ಜಾಕ್ ಕೊಟ್ಟು ಚಕ್ರ ಎತ್ತಿ ಕೈಯಿಂದ ತಿರುಗಿಸಿದರು. ಬಲಗಡೆಯದು ಸಲೀಸಾಗಿ ತಿರುಗಿತು, ಎಡಗಡೆಯದು ತಿಣುಕುತ್ತ ನಿಂತಿತು. ಬಿಚ್ಚಿ ನೋಡಿದರೆ ಪ್ಯಾಡುಗಳನ್ನು ಹಿಡಿದಿರುವ ಭಾಗ ಜಾರಬೇಕಾದ ಪಿನ್ನು ಮಳೆನೀರಿಗೆ ತುಕ್ಕು ಹಿಡಿದಿತ್ತು! ಕಾಲು ತೆಗೆದರೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಅವರು ತುಕ್ಕು ಉಜ್ಜಿ ತೆಗೆದು, ಪಿನ್ನಿಗೆ ಬ್ರೇಕಿಗೆಂದೇ ಇರುವ ಗ್ರೀಸ್ ಸವರಿದರು. ಪ್ಯಾಡಿಗೆ ಮಾತ್ರ ಒಂದು ಚೂರೂ ತಾಗಗೊಡಲಿಲ್ಲ. ಮರುದಿನ ಗ್ಯಾರೇಜಿನಲ್ಲಿ ಎರಡೂ ಬದಿಗೆ ಹೊಸ ಪ್ಯಾಡು ಬಂತು, ಬ್ರೇಕ್ ಆಯಿಲನ್ನೂ ಬದಲಾಯಿಸಿದರು. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ.

ಸುಟ್ಟ ವಾಸನೆಗಳೆಲ್ಲ ಒಂದೇ ಅಲ್ಲ. ಬಿಸಿ ಸೈಲೆನ್ಸರ್ ಕೊಳವೆಗೆ ಪ್ಲಾಸ್ಟಿಕ್ ಚೀಲ ಅಂಟಿದರೂ, ಎಂಜಿನ್ ಆಯಿಲ್ ತೊಟ್ಟಿಕ್ಕಿದರೂ ವಾಸನೆ ಬರುತ್ತದೆ. ವೈರು ಸುಟ್ಟ ವಾಸನೆ ಬಂದರೆ ಎಂಜಿನ್ ಆರಿಸಿ ಕೂಡಲೇ ಇಳಿದು ದೂರ ನಿಲ್ಲಬೇಕು. ಸುಟ್ಟುಹೋದ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಫ್ಯೂಸಿನ ಬದಲು ವೈರೇ ಉರಿಯುತ್ತದೆ.

ಮಾಡಿ ನೋಡಿ: ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಿಡಿ. ಹಿಂದಿನ ಚಕ್ರ ನಿಲ್ಲಲು ಎಷ್ಟು ಸೆಕೆಂಡು ಬೇಕಾಯಿತು? ಈಗ ಗೆಳೆಯರೊಬ್ಬರು ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ ಹಿಡಿಯಲಿ, ಮತ್ತೆ ಎಣಿಸಿ. ಕಡ್ಡಿಗಳ ನಡುವೆ ಬೆರಳು ಹಾಕಬೇಡಿ. ಚಕ್ರ ಪೂರ್ತಿ ನಿಂತ ಮೇಲೆ ರಿಮ್ಮಿನ ಎರಡೂ ಬದಿಯಲ್ಲಿ ಬ್ರೇಕಿನ ರಬ್ಬರು ಎಷ್ಟೆಷ್ಟು ದೂರ ಇದೆ ನೋಡಿ. ನಿಮ್ಮ ತರಗತಿಯ ಎಷ್ಟು ಸೈಕಲ್‌ಗಳಲ್ಲಿ ರಬ್ಬರು ಒಂದು ಬದಿಗೆ ತಾಗಿಕೊಂಡೇ ಇದೆ? ಎಣಿಸಿ, ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.