ಕೊಂಬಿನ ಕುರುವಾಯಿ



ಕಳೆದ ಬೇಸಿಗೆ ರಜೆಯಲ್ಲಿ ನಾವು ದಕ್ಷಿಣ ಕನ್ನಡದ ನಮ್ಮ ಹಳ್ಳಿ ಮನೆಗೆ ಹೋಗಿದ್ದೆವು. ಅಲ್ಲಿ ಆಗ ಮಳೆಗಾಲ. ಮಳೆ ಬಿಟ್ಟ ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಏನೋ ಒಂದು 'ಗುಂಯ್' ಎಂದು ಹಾರಿಬಂದು ದೀಪಕ್ಕೆ ಬಡಿದು ಅಂಗಾತ ಬಿತ್ತು. ಹೆಬ್ಬೆರಳಿನಷ್ಟು ದಪ್ಪ, ಮಿರಮಿರ ಕಪ್ಪು ಮೈ, ತಲೆಯ ಮೇಲೆ ಕೊಂಬು! ಮಕ್ಕಳು ಕಿರುಚಿ ಒಳಗೋಡಿದರು.

"ಹೆದರುವುದು ಬೇಡ, ಅದು ಕುರುವಾಯಿ. ಕಚ್ಚುವುದಿಲ್ಲ" ಎಂದರು ಅಜ್ಜ. ನಾವು "ಇದೊಂದು ದುಂಬಿ" ಎಂದು ಪಾಠ ಶುರುಮಾಡಿದರೆ ಅಜ್ಜಿಗೆ ನಗು. "ದುಂಬಿ ಹೂವಿಗೆ ಬರುವುದು ಟೀಚರೇ, ಇದು ಬರುವುದು ತೆಂಗಿನ ಸುಳಿಗೆ!"

ಇಂಥ ಹುಳುಗಳಿಗೆ ಜೀರುಂಡೆ ಎನ್ನುವುದುಂಟು. ಮುಂದಿನ ಎರಡು ರೆಕ್ಕೆಗಳು ಗಟ್ಟಿ ಮುಚ್ಚಳದಂತಿದ್ದು, ಹಾರುವ ತೆಳು ರೆಕ್ಕೆಗಳು ಅದರಡಿ ಮಡಚಿಕೊಂಡಿರುವುದೇ ಇವುಗಳ ಗುರುತು. ಗುಲಗಂಜಿ ಹುಳು, ಸಗಣಿ ಹುಳು, ಮಿಂಚುಹುಳು ಎಲ್ಲವೂ ಇದೇ ಬಳಗ. (ಮಿಂಚುಹುಳುವೂ ಎಂದರೆ ನಮ್ಮ ಮಕ್ಕಳು ಇನ್ನೂ ನಂಬುತ್ತಿಲ್ಲ.)

ಮರುದಿನ ಬೆಳಿಗ್ಗೆ ಅಜ್ಜ ನಮ್ಮನ್ನು ತೋಟಕ್ಕೆ ಕರೆದೊಯ್ದರು. ಮಗಳು ಹುಟ್ಟಿದ ವರ್ಷ ನೆಟ್ಟ ಎಳೆಯ ತೆಂಗಿನ ಗರಿಗಳು ಕತ್ತರಿಯಿಂದ ತ್ರಿಕೋನವಾಗಿ ಕತ್ತರಿಸಿದಂತಿದ್ದವು. ನೀವು ಕಾಗದ ಮಡಚಿ ಕತ್ತರಿಸಿ ಬಿಡಿಸಿದರೆ ಚಿತ್ತಾರ ಬರುವುದಿಲ್ಲವೇ? ಹಾಗೆಯೇ. ಗರಿ ಸುಳಿಯೊಳಗೆ ಮಡಚಿಕೊಂಡಿರುವಾಗಲೇ ಕುರುವಾಯಿ ಕೊರೆದಿರುತ್ತದೆ, ಅರಳಿದ ಮೇಲಷ್ಟೇ ನಮಗೆ ಕಾಣುತ್ತದೆ. ಸುಳಿಯ ಬುಡದ ತೂತಿನಿಂದ ಜಗಿದ ನಾರು ಹೊರಬಂದಿತ್ತು. ಅಜ್ಜ ಕೊಕ್ಕೆಯಿದ್ದ ಕಬ್ಬಿಣದ ಸರಳನ್ನು ತೂರಿಸಿ ಹುಳುವನ್ನು ಎಳೆದು ತೆಗೆದರು. ಗರಿಗಳ ಬುಡದ ಸಂದಿಗೆ ಬೇವಿನ ಹಿಂಡಿ, ಹೊಯಿಗೆ ಬೆರೆಸಿ ತುಂಬಿದರು. ಈ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಟ್ಟರೆ ಮರವೇ ಸಾಯಬಹುದು. ಅದೂ ಜೀರುಂಡೆಯೇ. ನಾವಿರುವ ಕೊಲ್ಲಿ ನಾಡಿನ ಖರ್ಜೂರದ ಮರಗಳಿಗೂ ಅದು ಶತ್ರು. ಯು.ಎ.ಇ.ಯಲ್ಲಿ 1985ರಲ್ಲೇ ಪತ್ತೆಯಾಗಿದೆ.

ಕುರುವಾಯಿಯ ಮರಿಗಳು ಇದ್ದದ್ದು ಮಾತ್ರ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ! ಅರ್ಧಚಂದ್ರನಂತೆ ಮುದುಡಿದ ದಪ್ಪ ಬಿಳಿ ಹುಳುಗಳು, ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತವೆ. ಗೊಬ್ಬರ ಮಗುಚಿದಾಗ ಕೋಳಿಗಳಿಗೆ ಹಬ್ಬ. ಉತ್ಸಾಹದಲ್ಲಿ ಮಗ ಸಗಣಿ ಹುಳುವನ್ನೂ ತುಳಿಯಲು ಹೊರಟ. ಅಜ್ಜ ಬಿಡಲಿಲ್ಲ. "ಅದು ಸಗಣಿಯನ್ನು ಮಣ್ಣಿಗೆ ಸೇರಿಸುವ ನಮ್ಮ ಕೆಲಸದವ ಮಗಾ!"

ಈಗ ಮಗಳು ಪ್ರತಿ ವಾರ ಫೋನಿನಲ್ಲಿ ತನ್ನ ತೆಂಗನ್ನು ವಿಚಾರಿಸುತ್ತಾಳೆ. ಮೊನ್ನೆ ಬಂದ ಫೋಟೋದಲ್ಲಿ ಹೊಸ ಸುಳಿ ಒಂದು ಗೇಣು ಮೇಲೆ ಬಂದಿದೆ. ಒಳಗೆ ಕತ್ತರಿ ಬಿದ್ದಿದೆಯೋ ಇಲ್ಲವೋ, ಗರಿ ಬಿಚ್ಚಿದ ಮೇಲೆಯೇ ಗೊತ್ತು.