ಬಯಲಿಗೆ ತಕ್ಕ ಯಂತ್ರ

ದೊಡ್ಡ ಮೊತ್ತ ತೆತ್ತು ಕೊಳ್ಳುವ ಯಾವ ಯಂತ್ರಕ್ಕಾದರೂ ಎರಡು ಬೆಲೆಗಳುಂಟು. ಅಂಗಡಿಯವನು ಚೀಟಿಯಲ್ಲಿ ಬರೆದು ತೂಗುಹಾಕಿದ್ದು ಒಂದು. ಅದರ ಮೇಲೆ ನಾವು ಮಾಡಿದ ಒಟ್ಟು ವ್ಯಯವನ್ನು, ತನ್ನ ಆಯುಷ್ಯದಲ್ಲಿ ಅದು ನಮಗೆ ಮಾಡಿಕೊಟ್ಟ ಕೆಲಸದಿಂದ ಭಾಗಿಸಿದಾಗ ದೊರೆಯುವುದು ಇನ್ನೊಂದು. ಮೊದಲನೆಯದು ದಾರಿಹೋಕನ ಕಣ್ಣಿಗೂ ಬೀಳುತ್ತದೆ. ಎರಡನೆಯದು ಕಾಗದ ಪೆನ್ಸಿಲು ಹಿಡಿದು ಕುಳಿತವನಿಗಲ್ಲದೆ ಕಾಣದು. ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ನಗರದ ಹೊರಗೆ ಐದು ಎಕರೆ ನೆಲವನ್ನೂ ಅದರ ನಡುವಣ ಹಳೆಯ ಮನೆಯನ್ನೂ ಕೊಂಡ ಬಳಿಕ, ಅಲ್ಲಿಯ ಹುಲ್ಲನ್ನು ಕತ್ತರಿಸಲು ಮೇಲೆ ಕುಳಿತು ಓಡಿಸುವ ಯಂತ್ರವೊಂದನ್ನು, ಎಂದರೆ ರೈಡಿಂಗ್ ಮೋವರನ್ನು, ಆರಿಸಬೇಕಾಗಿ ಬಂದಾಗ, ನನಗೆ ದಾರಿ ತೋರಿದ್ದು ಈ ಎರಡನೆಯ ಬೆಲೆಯೇ. ಈ ಸೀಮೆಯಲ್ಲಿ ಹೊಸದಾಗಿ ನೆಲ ಕೊಳ್ಳುತ್ತಿರುವ ನಮ್ಮವರಿಗೆ ಅದು ಪ್ರಯೋಜನಕ್ಕೆ ಬಂದೀತೆಂಬ ನಂಬಿಕೆಯಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನೆಲದ ಮಾತು. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಅಗಾಧ ಹಿಮರಾಶಿಗಳು ಏರುತಗ್ಗುಗಳನ್ನು ಸವೆಸಿ, ಮುಚ್ಚಿ, ಹಿಂದೆ ಸರಿಯುವಾಗ ಬಿಟ್ಟುಹೋದ ಮಣ್ಣುಕಲ್ಲುಗಳ ಮೇಲೆ ಗಾಳಿ ತಂದ ನುಣುಪಾದ ಧೂಳು ಹರಡಿ, ಸಾವಿರಾರು ವರ್ಷ ಬೆಳೆದು ಕೊಳೆತ ಹುಲ್ಲಿನ ಬೇರುಗಳಿಂದ ಅದು ಕಪ್ಪಾಗಿ, ಈ ವಿಸ್ತಾರವಾದ ಬಯಲು ಸಿದ್ಧವಾಯಿತು. ಇಲ್ಲಿಯ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲುಗಳಿಗೆ ಮೆತ್ತಿಕೊಳ್ಳುತ್ತಿದ್ದುದನ್ನು ಕಂಡು, ಜಾನ್ ಡೀರ್ ಎಂಬ ಕಮ್ಮಾರನು ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ 1837ರಲ್ಲಿ ನಯವಾದ ಉಕ್ಕಿನ ನೇಗಿಲನ್ನು ನಿರ್ಮಿಸಿದನು. ಅವನ ಹೆಸರನ್ನು ಹೊತ್ತ ಸಂಸ್ಥೆಯು ಇಂದು ಇಲ್ಲಿಯೇ ಮೊಲೀನ್ ಪಟ್ಟಣದಲ್ಲಿ ನೆಲೆಸಿ ಟ್ರ್ಯಾಕ್ಟರುಗಳನ್ನಲ್ಲದೆ ಹುಲ್ಲು ಕತ್ತರಿಸುವ ಯಂತ್ರಗಳನ್ನೂ ಮಾರುತ್ತದೆ. ಮಳೆ ಬಂದ ಮರುದಿನ ಈ ಮಣ್ಣಿನ ಮೇಲೆ ಭಾರವಾದ ಯಂತ್ರವನ್ನು ಓಡಿಸಿದರೆ ಚಕ್ರದ ಜಾಡು ಬೇಸಗೆಯವರೆಗೂ ಮಾಸದೆಂಬುದನ್ನು ಕೊಳ್ಳುವವನು ಮೊದಲೇ ತಿಳಿದಿರತಕ್ಕದ್ದು.

ಯಂತ್ರ ಯಾವುದೆಂಬ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ನೆಲದ ಹುಲ್ಲನ್ನು ಕತ್ತರಿಸಬೇಕೆಂಬುದು. ದನಕರುಗಳಿಗೆಂದು ಹುಲ್ಲು ಕೊಯ್ಯುವುದನ್ನು ನೋಡಿ ಬೆಳೆದ ನನಗೆ, ಕತ್ತರಿಸಿ ಅಲ್ಲಿಯೇ ಬಿಟ್ಟುಬಿಡುವ ಹುಲ್ಲಿಗಾಗಿ ಹಣವನ್ನೂ ಹೊತ್ತನ್ನೂ ವ್ಯಯಿಸುವುದಾದರೆ ಅದಕ್ಕೊಂದು ಮಿತಿ ಬೇಕೆನ್ನಿಸಿತು. ಒಂದು ಕಾಲಕ್ಕೆ 2 ಕೋಟಿ ಎಕರೆಗೂ ಮಿಗಿಲಾಗಿ ಪ್ರೇರಿ ಹುಲ್ಲುಗಾವಲಿದ್ದ ಈ ರಾಜ್ಯದಲ್ಲಿ ಈಗ ಉಳಿದಿರುವುದು ಅತ್ಯಲ್ಪವಾದ್ದರಿಂದ, ನನ್ನ ನೆಲದ ಒಂದು ಭಾಗವನ್ನು ಅದಕ್ಕೇ ಬಿಡಬೇಕೆನ್ನಿಸಿತು. ಊರಿನ ಮಿತಿಯೊಳಗಾದರೆ ಹುಲ್ಲು ಇಷ್ಟೇ ಎತ್ತರವಿರಬೇಕೆಂಬ ಸ್ಥಳೀಯ ಕಟ್ಟಳೆಗಳಿರುವುದು ಸಾಮಾನ್ಯವಾದ್ದರಿಂದ, ಅದನ್ನು ವಿಚಾರಿಸಿ ನೋಡಿಕೊಂಡ ಮೇಲೆಯೇ, ಹಿತ್ತಿಲ ಕಡೆಯ ಸುಮಾರು ಎರಡು ಎಕರೆಯನ್ನು ಬಿಗ್ ಬ್ಲೂಸ್ಟೆಮ್ ಮೊದಲಾದ ಇಲ್ಲಿಯ ಸಹಜ ಹುಲ್ಲುಗಳಿಗೆ ಬಿಟ್ಟು, ಮನೆಯ ಸುತ್ತಣ 3 ಎಕರೆಯನ್ನು ಮಾತ್ರ ಹುಲ್ಲುಹಾಸಾಗಿ ಇಟ್ಟುಕೊಂಡೆನು. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ನಿರ್ಧಾರದ ಮೇಲೆ.

ಏಪ್ರಿಲಿನಿಂದ ಅಕ್ಟೋಬರಿನವರೆಗೆ ಋತುವೊಂದಕ್ಕೆ 28 ಬಾರಿ ಕತ್ತರಿಸಬೇಕಾದೀತೆಂದು ಹಿಡಿದರೆ, 3 ಎಕರೆಗೆ ವರ್ಷಕ್ಕೆ 84 ಎಕರೆಯಷ್ಟು ಕೆಲಸವಾಯಿತು. ಯಂತ್ರವೊಂದು ಗಂಟೆಗೆ ಎಷ್ಟು ಎಕರೆ ಮುಗಿಸಬಲ್ಲುದೆಂಬುದನ್ನು ತಿಳಿಯಲು ಸುಲಭವಾದ ಸೂತ್ರವುಂಟು: ಬ್ಲೇಡುಗಳನ್ನು ಹೊತ್ತ ಡೆಕ್ಕಿನ ಅಗಲವನ್ನು ಅಂಗುಲಗಳಲ್ಲಿ ತೆಗೆದುಕೊಂಡು, ಗಂಟೆಗೆ ಇಷ್ಟು ಮೈಲಿ ಎಂಬ ವೇಗದಿಂದ ಗುಣಿಸಿ, 99ರಿಂದ ಭಾಗಿಸಬೇಕು; ತಿರುವುಗಳಿಗೂ ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಹಾಯುವುದಕ್ಕೂ ಐದರಲ್ಲೊಂದು ಪಾಲನ್ನು ಕಳೆಯಬೇಕು. 42 ಅಂಗುಲದ ಸಾಧಾರಣ ಲಾನ್ ಟ್ರ್ಯಾಕ್ಟರು 4 ಮೈಲಿ ವೇಗದಲ್ಲಿ ಗಂಟೆಗೆ 1.36 ಎಕರೆ ಮುಗಿಸಿದರೆ, ಎರಡು ಸನ್ನೆಕೋಲುಗಳಿಂದ ನಡೆಯಿಸುವ, ನಿಂತಲ್ಲಿಯೇ ತಿರುಗಬಲ್ಲ 54 ಅಂಗುಲದ ಜೀರೋ ಟರ್ನ್ ಯಂತ್ರವು 6 ಮೈಲಿ ವೇಗದಲ್ಲಿ 2.6 ಎಕರೆಯನ್ನೂ, ಗುತ್ತಿಗೆದಾರರು ಬಳಸುವ ದರ್ಜೆಯ 60 ಅಂಗುಲದ್ದು 7 ಮೈಲಿ ವೇಗದಲ್ಲಿ 3.4 ಎಕರೆಯನ್ನೂ ಮುಗಿಸುತ್ತವೆ. ನನ್ನ 84 ಎಕರೆ ಕೆಲಸಕ್ಕೆ ಮೊದಲನೆಯದು ವರ್ಷಕ್ಕೆ 62 ಗಂಟೆ, ಎರಡನೆಯದು 32, ಮೂರನೆಯದು 25 ಗಂಟೆ ಬೇಡುತ್ತದೆ.

ಇನ್ನು ಹಣದ ಮಾತು. ನಾನು ವಿಚಾರಿಸಿದಾಗ ಮೊದಲನೆಯದಕ್ಕೆ ಸುಮಾರು 2,500 ಡಾಲರ್, ಎರಡನೆಯದಕ್ಕೆ 5,000, ಮೂರನೆಯದಕ್ಕೆ 11,000 ಡಾಲರ್ ಬೆಲೆಯಿತ್ತು. ಅವುಗಳ ಆಯುಷ್ಯವನ್ನು ಅಂದಾಜಿಗೆ 500, 1,000, 2,500 ಗಂಟೆಗಳೆಂದು ಇಟ್ಟುಕೊಂಡು, ಹದಿನೈದು ವರ್ಷಗಳ ಅವಧಿಯನ್ನು ಮುಂದಿಟ್ಟುಕೊಂಡು ನೋಡಿದೆನು. ಅಷ್ಟು ಅವಧಿಯಲ್ಲಿ ಮೊದಲನೆಯ ಯಂತ್ರ 930 ಗಂಟೆ ದುಡಿಯಬೇಕಾದ್ದರಿಂದ ಅಂಥವು ಎರಡು ಬೇಕಾಗುತ್ತವೆ. ಅಲ್ಲಿಗೆ ವ್ಯಯ 5,000 ಡಾಲರ್. ಎರಡನೆಯದು 480 ಗಂಟೆ ಮಾತ್ರ ದುಡಿದು, ಇನ್ನೂ ಕಸುವುಳಿಸಿಕೊಂಡೇ ಅದೇ 5,000 ಡಾಲರಿನಲ್ಲಿ ಕೆಲಸ ಮುಗಿಸುತ್ತದೆ. ಅಂಗಡಿಯಲ್ಲಿ ಅರ್ಧ ಬೆಲೆಯದೆಂದು ಕಂಡ ಯಂತ್ರ, ಕಾಗದದ ಮೇಲೆ ಅದೇ ಬೆಲೆಯದಾಗಿ, ಮೇಲಾಗಿ ನನ್ನ 450 ಗಂಟೆಗಳನ್ನು ಅಧಿಕವಾಗಿ ತಿನ್ನುವುದೆಂದು ಸಿದ್ಧವಾಯಿತು.

ಹಾಗಾದರೆ ಇನ್ನೂ ದೊಡ್ಡದನ್ನೇ ಕೊಳ್ಳಬಾರದೇಕೆ ಎಂಬ ಆಸೆ ಇಲ್ಲಿ ತಲೆಯೆತ್ತುವುದು ಸಹಜ. ಮೂರನೆಯದನ್ನು ಕೊಂಡರೆ ಎರಡನೆಯದಕ್ಕಿಂತ ಹದಿನೈದು ವರ್ಷಗಳಲ್ಲಿ ಉಳಿಯುವುದು 105 ಗಂಟೆ. ಅದಕ್ಕೆ ತೆರಬೇಕಾದ್ದು 6,000 ಡಾಲರ್. ಅಂದರೆ ಉಳಿಸಿದ ಒಂದೊಂದು ಗಂಟೆಗೂ 57 ಡಾಲರ್. ಮಾರುವಾಗ ಅದಕ್ಕೆ 3,000 ಡಾಲರ್ ಹೆಚ್ಚಾಗಿ ಬಂದೀತೆಂದುಕೊಂಡರೂ ಗಂಟೆಗೆ 28 ಡಾಲರಿಗಿಂತ ಕಡಿಮೆಯಾಗದು. ಎರಡೂವರೆ ಸಾವಿರ ಗಂಟೆ ದುಡಿಯಬಲ್ಲ ಯಂತ್ರವನ್ನು ವರ್ಷಕ್ಕೆ 25 ಗಂಟೆ ದುಡಿಸಿದರೆ ಅದರ ಆಯುಷ್ಯ ಸಲ್ಲಲು ನೂರು ವರ್ಷ ಬೇಕು. ಅಷ್ಟರೊಳಗಾಗಿ ರಬ್ಬರು ಬಿರಿದು, ಕೊಳವೆಗಳು ಜೀರ್ಣವಾಗಿ, ತುಕ್ಕು ತನ್ನ ಪಾಲನ್ನು ತೆಗೆದುಕೊಂಡಿರುತ್ತದೆ. ಬಳಸಲಾರದ ಆಯುಷ್ಯಕ್ಕೆ ಬೆಲೆ ತೆರುವುದು ಮಿತವ್ಯಯವೂ ಅಲ್ಲ, ದೂರದೃಷ್ಟಿಯೂ ಅಲ್ಲ.

ಆದರೆ ಹುಲ್ಲುಹಾಸು 10 ಎಕರೆಯದಾಗಿದ್ದರೆ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಆಗ ಎರಡನೆಯ ದರ್ಜೆಯ ಯಂತ್ರ ಹದಿನೈದು ವರ್ಷಗಳಲ್ಲಿ 1,600 ಗಂಟೆ ಓಡಬೇಕಾಗಿ, ಅಂಥವು ಎರಡಕ್ಕೆ 10,000 ಡಾಲರ್ ತಗಲುತ್ತದೆ. 11,000 ಡಾಲರಿನ ದೊಡ್ಡ ಯಂತ್ರ ಒಂದೇ ಸಾಕಾಗಿ, 350 ಗಂಟೆಗೂ ಮಿಗಿಲಾಗಿ ಸಮಯವೂ ಉಳಿಯುತ್ತದೆ. ನನ್ನ ನೆರೆಯವರಿಗೆ ಯೋಗ್ಯವಾದ ಯಂತ್ರ ನನಗೆ ದುಬಾರಿಯಾಗಬಹುದು, ನನಗೆ ಯೋಗ್ಯವಾದದ್ದು ಅವರಿಗೆ ಸಾಲದೆ ಹೋಗಬಹುದು. ಕೂಲಿ ಕೊಟ್ಟು ಮಾಡಿಸುವ ದಾರಿಯನ್ನೂ ನೋಡಿದೆನು. ಬಾರಿಗೆ 150 ಡಾಲರ್ ಕೇಳಿದರು. 28 ಬಾರಿಗೆ 4,200 ಡಾಲರ್. ದೇಹಶಕ್ತಿಯಿಲ್ಲದವರಿಗೆ ಅದು ಸಲ್ಲತಕ್ಕ ವ್ಯಯವೇ, ನನಗೆ ಹಾಗೆನಿಸಲಿಲ್ಲ.

ನೆಲ ಸಮತಟ್ಟಾಗಿರುವುದರಿಂದ ದೊರೆಯುವ ಲಾಭವನ್ನು ಪೂರ್ತಿಯಾಗಿ ಪಡೆದುಕೊಳ್ಳುವುದೂ ಹಣಕಾಸಿನ ವಿವೇಕವೇ. ಉಬ್ಬುತಗ್ಗಿನ ನೆಲದಲ್ಲಿ ಅಗಲವಾದ ಡೆಕ್ಕು ದಿಣ್ಣೆಗಳ ನೆತ್ತಿಯನ್ನು ಬೋಳಿಸಿಬಿಡುತ್ತದೆ. ಬಯಲಿನಲ್ಲಿ ಆ ಭಯ ಕಡಿಮೆ. ಇಳಿಜಾರಿನಲ್ಲಿ ಜೀರೋ ಟರ್ನ್ ಯಂತ್ರದ ಹಿಂದಿನ ಚಕ್ರಗಳು ಹಿಡಿತ ತಪ್ಪಿದರೆ ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಅಸಾಧ್ಯವಾಗಿ ಪ್ರಾಣಾಪಾಯವೊದಗಬಹುದು. ಇಲ್ಲಿ ಆ ಅಪಾಯವಿರುವುದು ರಸ್ತೆಬದಿಯ ಚರಂಡಿಯ ದಡದಲ್ಲಿ ಮಾತ್ರವಾದ್ದರಿಂದ, ಅಷ್ಟನ್ನು ಕೈಯಂತ್ರಕ್ಕೆ ಬಿಟ್ಟಿದ್ದೇನೆ. ಸಮತಟ್ಟೆಂದ ಮಾತ್ರಕ್ಕೆ ನೆಲ ನುಣುಪಾಗಿರುತ್ತದೆಂದು ತಿಳಿಯಲಾಗದು. ಬಿಲ ತೋಡುವ ಪ್ರಾಣಿಗಳೂ ಹಿಮ ಕರಗಿದ ನೆಲವೂ ಮಾಡುವ ಸಣ್ಣ ಉಬ್ಬುತಗ್ಗುಗಳು ವೇಗದಲ್ಲಿ ಬೆನ್ನುಮೂಳೆಯನ್ನು ನೋಯಿಸುತ್ತವೆ. ಆದ್ದರಿಂದ ಎಂಜಿನ್ನಿನ ಕುದುರೆಶಕ್ತಿಯ ಮೇಲಿಡುವ ಹಣದ ಸ್ವಲ್ಪ ಭಾಗವನ್ನು ಸ್ಪ್ರಿಂಗುಳ್ಳ ಒಳ್ಳೆಯ ಆಸನದ ಮೇಲೂ, ಒತ್ತಿ ಮಾಡಿದ ತೆಳು ತಗಡಿನ ಬದಲು ಬೆಸೆದು ಮಾಡಿದ ದಪ್ಪ ಉಕ್ಕಿನ ಡೆಕ್ಕಿನ ಮೇಲೂ ಇಡುವುದು ಲೇಸು. ಬೇಲಿಯ ಗೇಟನ್ನೂ ಅಳೆದು ನೋಡತಕ್ಕದ್ದು. ಹುಲ್ಲು ಹೊರಚಿಮ್ಮುವ ಬದಿಯ ಮುಚ್ಚಳ ಸೇರಿ ಯಂತ್ರದ ಒಟ್ಟು ಅಗಲ ಡೆಕ್ಕಿನ ಅಗಲಕ್ಕಿಂತ ಹೆಚ್ಚಾಗಿರುತ್ತದೆ.

ಲಾನ್ ಟ್ರ್ಯಾಕ್ಟರಿನ ಪಕ್ಷದಲ್ಲಿಯೂ ನ್ಯಾಯವಾದ ವಾದವುಂಟು. ಅದಕ್ಕೆ ಗಾಡಿ ಕಟ್ಟಿ ಮಣ್ಣು ಸಾಗಿಸಬಹುದು, ಚಳಿಗಾಲದಲ್ಲಿ ಹಿಮ ತಳ್ಳುವ ಹಲಗೆ ಜೋಡಿಸಬಹುದು. ಗಾಳಿ ತಡೆಯಿಲ್ಲದೆ ಬೀಸಿ ಹಿಮವನ್ನು ರಾಶಿಹಾಕುವ ಈ ಬಯಲಿನಲ್ಲಿ ಅದು ಅಲ್ಪ ಲಾಭವಲ್ಲ. ಬೇರೆ ಸಾಧನವಿಲ್ಲದವನು ಆ ಉಪಯೋಗದ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ತೀರ್ಮಾನಿಸಬೇಕು. ಬ್ಯಾಟರಿಯಿಂದ ಓಡುವ ಯಂತ್ರಕ್ಕೆ ಎಣ್ಣೆಯ ಗೊಡವೆಯಿಲ್ಲ. ಅದನ್ನು ಆರಿಸುವವನು ಹೊಸ ಬ್ಯಾಟರಿಯ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು.

ಹಣ ತೆರುವ ಬಗೆಯಲ್ಲಿಯೂ ಎಚ್ಚರ ಬೇಕು. ಈ ರಾಜ್ಯದ ಮಾರಾಟ ತೆರಿಗೆ ಮೂಲದಲ್ಲಿಯೇ ಶೇಕಡ 6.25, ಸ್ಥಳೀಯ ತೆರಿಗೆ ಅದರ ಮೇಲೆ. 5,000 ಡಾಲರಿನ ಯಂತ್ರಕ್ಕೆ 312 ಡಾಲರಿಗೂ ಮಿಕ್ಕ ಈ ಮೊತ್ತ ಚೀಟಿಯಲ್ಲಿ ಕಾಣದು. ಬಡ್ಡಿಯಿಲ್ಲದ ಕಂತೆಂದು ಕರೆಯುವ ಯೋಜನೆಗಳಲ್ಲಿ ಎರಡು ಜಾತಿ: ನಿಜವಾಗಿಯೂ ಬಡ್ಡಿಯಿಲ್ಲದ್ದು ಒಂದು, ಅವಧಿಯೊಳಗೆ ಪೂರ್ತಿ ತೀರಿಸದಿದ್ದರೆ ಕೊಂಡ ದಿನದಿಂದಲೇ ಬಡ್ಡಿಯನ್ನು ಸೇರಿಸಿ ವಸೂಲು ಮಾಡುವುದು ಇನ್ನೊಂದು. ಕರಾರಿನಲ್ಲಿ ಆ ಒಂದು ವಾಕ್ಯವನ್ನು ಹುಡುಕಿ ಓದದೆ ರುಜು ಹಾಕಲಾಗದು. ವಸಂತದಲ್ಲಿ ಎಲ್ಲರೂ ಕೊಳ್ಳುವ ಕಾಲದಲ್ಲಿ ಚೌಕಾಸಿಗೆ ಎಡೆಯಿಲ್ಲವಾದ್ದರಿಂದ ನಾನು ಶರತ್ಕಾಲದ ಕೊನೆಯವರೆಗೆ ಕಾದು, ಮನೆಗೆ ಹತ್ತಿರವಿದ್ದು ತಾನೇ ರಿಪೇರಿ ಮಾಡುವ ಡೀಲರನಲ್ಲಿ ಕೊಂಡೆನು. ಮೇ ತಿಂಗಳಿನಲ್ಲಿ, ವಾರಕ್ಕೊಮ್ಮೆ ಕತ್ತರಿಸಿದರೂ ಹುಲ್ಲು ಸೋಲದ ಹೊತ್ತಿನಲ್ಲಿ, ಬೆಲ್ಟು ಹರಿದರೆ ಅದೇ ದಿನ ಬದಲಿಸಿಕೊಡಬಲ್ಲವನು ಬೆಲೆಯಲ್ಲಿ ಬಿಟ್ಟ ನೂರು ಡಾಲರಿಗಿಂತ ಹೆಚ್ಚಿನ ಉಪಕಾರಿ. ಹಳೆಯ ಯಂತ್ರವನ್ನು ಕೊಳ್ಳುವವರು ಬಣ್ಣವನ್ನು ನೋಡುವುದಕ್ಕಿಂತ ಗಂಟೆ ತೋರಿಸುವ ಮೀಟರನ್ನು ನೋಡಿ, ಉಳಿದ ಗಂಟೆಗಳಿಗೆ ತಕ್ಕ ಬೆಲೆ ಕಟ್ಟಬೇಕು.

ಕೊಂಡ ಮೇಲೆ ಆ ಗಂಟೆಗಳನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ. ಕಾಲಕ್ಕೆ ಸರಿಯಾಗಿ ಎಂಜಿನ್ ಆಯಿಲ್ ಬದಲಿಸುವುದು, ಬ್ಲೇಡುಗಳನ್ನು ಸಾಣೆಹಿಡಿಯುವುದು, ಡೆಕ್ಕಿನ ಅಡಿಯಲ್ಲಿ ಮೆತ್ತಿದ ಹಸಿ ಹುಲ್ಲನ್ನು ಕೆರೆದು ತೆಗೆಯುವುದು, ಎಥನಾಲ್ ಬೆರೆತ ಪೆಟ್ರೋಲನ್ನು ಚಳಿಗಾಲವಿಡೀ ಟ್ಯಾಂಕಿನಲ್ಲಿ ಕೆಡಲು ಬಿಡದಿರುವುದು, ಇವಕ್ಕೆ ವರ್ಷಕ್ಕೆ ತಗಲುವ ನೂರಾರು ಡಾಲರ್ ಅಸಲನ್ನು ಉಳಿಸುವ ಖರ್ಚು. ಇವೆಲ್ಲವನ್ನೂ, ಓಡಿದ ಗಂಟೆಗಳೊಡನೆ, ಒಂದು ಪುಸ್ತಕದಲ್ಲಿ ಬರೆದಿಡಿ. ಈ ವರ್ಷ ಎಕರೆಗೆ ಎಷ್ಟು ಬಿದ್ದಿತೆಂಬುದನ್ನು ಅದು ನಿಮಗೆ ತಿಳಿಸುತ್ತದೆ. ಮಾರುವ ದಿನ ಕೊಳ್ಳಬಂದವನ ಮುಂದೆ ಅದನ್ನಿಟ್ಟರೆ, ಅವನ ಸಂಶಯಕ್ಕೆಂದು ಕಡಿಯುತ್ತಿದ್ದ ಮೊತ್ತವನ್ನು ಅದೇ ನಿಮಗೆ ಉಳಿಸಿಕೊಡುತ್ತದೆ.