ಹೆಣ್ಣುಮಕ್ಕಳ ಪಾಲು: ನಮ್ಮ ಮನೆಗಳ ನಿಜವಾದ ಪರೀಕ್ಷೆ

ಆಧುನಿಕ ಸಂಸ್ಕೃತಿಯು ನಮ್ಮ ಕುಟುಂಬಗಳನ್ನು ಕೆಡಿಸುತ್ತಿದೆ ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿರುವಿರಿ! ಜುಮಾ ಪ್ರವಚನದಲ್ಲಿ, ಮದುವೆ ಮನೆಯಲ್ಲಿ, ಅಂಗಡಿಯ ಜಗಲಿಯಲ್ಲಿ ಇದೇ ದೂರು. ಮಕ್ಕಳ ಕೈಗೆ ಮೊಬೈಲ್ ಬಂತು, ಹಿರಿಯರ ಮಾತಿಗೆ ಬೆಲೆ ಇಲ್ಲವಾಯಿತು, ಉಡುಗೆ ತೊಡುಗೆ ಬದಲಾಯಿತು ಎಂದು ನಾವು ಕೊರಗುತ್ತೇವೆ. ಈ ದೂರಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಪ್ರಿಯ ಓದುಗರೇ, ಒಂದು ಕ್ಷಣ ನಿಂತು ಯೋಚಿಸಿರಿ. ಆಧುನಿಕ ಸಂಸ್ಕೃತಿ ಮನೆಯೊಳಗೆ ಬರುವುದು ಮೊಬೈಲಿನ ಮೂಲಕ ಮಾತ್ರವೇ?

ಹಣವೇ ಎಲ್ಲದರ ಅಳತೆಗೋಲು ಎಂಬ ಭಾವನೆಯೂ ಅದೇ ಸಂಸ್ಕೃತಿಯ ಒಂದು ಮುಖ. ಅದು ಐದು ಹೊತ್ತು ನಮಾಝ್ ಮಾಡುವವರ ಮನೆಗೂ, ಹಜ್ಜ್ ಮುಗಿಸಿ ಬಂದವರ ಮನೆಗೂ ಸದ್ದಿಲ್ಲದೆ ನುಗ್ಗಬಲ್ಲದು. ನಮ್ಮ ಮನೆಗೆ ಅದು ನುಗ್ಗಿದೆಯೇ ಇಲ್ಲವೇ ಎಂದು ತಿಳಿಯಲು ಒಂದೇ ಒಂದು ಪ್ರಶ್ನೆ ಸಾಕು: ತಂದೆ ತೀರಿಕೊಂಡ ಮೇಲೆ ಆ ಮನೆಯ ಹೆಣ್ಣುಮಕ್ಕಳಿಗೆ ಅವರ ಪಾಲು ಸಿಕ್ಕಿತೇ?

ಭೂಮಿಯು ಹಣವಾದಾಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲೂಕುಗಳು ಬಯಲು ಸೀಮೆಯವು. ಮಳೆ ಬಂದರೆ ಕಡಲೆಕಾಯಿ, ರಾಗಿ, ಬಾರದಿದ್ದರೆ ಗುಳೆ. ಹಿಂದಿನವರ ಕಾಲದಲ್ಲಿ ಇಲ್ಲಿನ ಎರಡೆಕರೆ ಹೊಲವನ್ನು ಪಾಲು ಮಾಡುವ ಮಾತು ಬಂದರೆ, 'ಈ ಕಲ್ಲು ನೆಲದಲ್ಲಿ ಪಾಲು ಮಾಡಲು ಏನಿದೆ?' ಎಂದು ನಗುತ್ತಿದ್ದರು. ಸಹೋದರಿಯರೂ ಕೇಳುತ್ತಿರಲಿಲ್ಲ, ಸಹೋದರರೂ ಕೊಡುತ್ತಿರಲಿಲ್ಲ.

ಆದರೆ ಕಾಲ ಬದಲಾಗಿದೆ. ಶಿರಾದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾದ ಮೇಲೆ ರಸ್ತೆ ಬದಿಯ ನೆಲದ ಬೆಲೆ ಏರಿತು. ತುಮಕೂರು-ರಾಯದುರ್ಗ ರೈಲು ಮಾರ್ಗಕ್ಕಾಗಿ ಕೊರಟಗೆರೆ, ಮಧುಗಿರಿ, ಪಾವಗಡ ತಾಲೂಕುಗಳಲ್ಲಿ ಜಮೀನು ಸ್ವಾಧೀನವಾಯಿತು, ಪರಿಹಾರದ ಹಣ ಬಂತು. ಪಾವಗಡದ ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ಸುತ್ತ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆ ಎತ್ತಿತು. 2018ರಲ್ಲಿ ಉದ್ಘಾಟನೆಯಾದ ಈ ಯೋಜನೆಗೆ ರೈತರ ಭೂಮಿಯನ್ನು ಕೊಂಡುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಸುವ ಕರಾರಿನ ಮೇಲೆ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಯಿತು. ಬೆಳೆ ಕೊಡದ ನೆಲ ಬಾಡಿಗೆ ಕೊಡತೊಡಗಿತು!

ಇದು ಅಲ್ಲಾಹನ ಅನುಗ್ರಹ, ಸಂಶಯವಿಲ್ಲ. ಆದರೆ ಪ್ರತಿಯೊಂದು ಅನುಗ್ರಹದ ಜೊತೆಗೆ ಒಂದು ಪರೀಕ್ಷೆಯೂ ಬರುತ್ತದೆ. ಈ ಕೆಳಗಿನ ದೃಶ್ಯವನ್ನು ಊಹಿಸಿಕೊಳ್ಳಿ. ಇದು ನಿಮಗೆ ಅಪರಿಚಿತವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ವರ್ಷಗಟ್ಟಲೆ ಮನೆ ಕಡೆ ತಲೆಹಾಕದ ತಮ್ಮ, ಒಂದು ದಿನ ಹಣ್ಣಿನ ಬುಟ್ಟಿ ಹಿಡಿದು ಅಕ್ಕನ ಮನೆಗೆ ಬರುತ್ತಾನೆ. ಚಹಾ ಕುಡಿಯುತ್ತಾನೆ. ಮಕ್ಕಳ ಓದು ವಿಚಾರಿಸುತ್ತಾನೆ. ಹೊರಡುವಾಗ ಚೀಲದಿಂದ ಒಂದು ಕಾಗದ ತೆಗೆದು, 'ಆಪಾ, ಇಲ್ಲೊಂದು ಸಹಿ ಹಾಕಿಬಿಡಿ, ಪೌತಿ ಖಾತೆಗೆ ಬೇಕಂತೆ' ಎನ್ನುತ್ತಾನೆ. ಅಕ್ಕ ಓದುವುದಿಲ್ಲ, ತಮ್ಮನ ಮುಖ ನೋಡಿ ಸಹಿ ಹಾಕುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರ. ಕೆಲವು ಕಡೆ ಇದೂ ಇಲ್ಲ. ವಂಶವೃಕ್ಷ ಬರೆಸುವಾಗಲೇ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುತ್ತದೆ. ಅವರು ಆ ತಂದೆಗೆ ಹುಟ್ಟಿಯೇ ಇಲ್ಲವೆಂಬಂತೆ!

ಅದೇ ಮನೆಯವರು ಸಂಜೆ ಕುಳಿತು, 'ಈಗಿನ ಕಾಲದಲ್ಲಿ ಸಂಬಂಧಗಳಿಗೆ ಬೆಲೆಯೇ ಇಲ್ಲ' ಎಂದು ನಿಟ್ಟುಸಿರು ಬಿಡುತ್ತಾರೆ.

ಕುರ್‌ಆನ್ ಏನು ಕಲಿಸುತ್ತದೆ?

ನಮಾಝ್‌ನಲ್ಲಿ ಎಷ್ಟು ರಕಅತ್ ಎಂಬ ವಿವರ ಕುರ್‌ಆನಿನಲ್ಲಿಲ್ಲ. ಅದನ್ನು ಪ್ರವಾದಿವರ್ಯರು(ಸ) ಕಲಿಸಿಕೊಟ್ಟರು. ಆದರೆ ವಾರಸು ಸೊತ್ತಿನಲ್ಲಿ ಯಾರಿಗೆ ಎಷ್ಟು ಎಂಬುದನ್ನು ಅಲ್ಲಾಹನು ತನ್ನ ಗ್ರಂಥದಲ್ಲೇ ಅರ್ಧ, ಕಾಲು, ಎಂಟನೆಯ ಒಂದು ಎಂದು ಲೆಕ್ಕ ಹಾಕಿ ತಿಳಿಸಿದ್ದಾನೆ. ಇದರ ಮಹತ್ವವನ್ನು ಗಮನಿಸಿರಿ. ಈ ವಿಷಯವನ್ನು ಅವನು ಮನುಷ್ಯರ ಔದಾರ್ಯಕ್ಕೆ ಬಿಟ್ಟುಕೊಡಲಿಲ್ಲ.

ಸೂರಃ ಅನ್ನಿಸಾದ 7ನೆಯ ವಚನವು ತಂದೆತಾಯಿ ಮತ್ತು ಆಪ್ತ ಬಂಧುಗಳು ಬಿಟ್ಟುಹೋದುದರಲ್ಲಿ ಪುರುಷರಿಗಿರುವಂತೆ ಸ್ತ್ರೀಯರಿಗೂ ಪಾಲಿದೆಯೆಂದು ಸಾರುತ್ತದೆ. ಸೊತ್ತು ಅಲ್ಪವಾಗಿದ್ದರೂ ಸರಿ, ಅಧಿಕವಾಗಿದ್ದರೂ ಸರಿ. 11 ಮತ್ತು 12ನೆಯ ವಚನಗಳು ಆ ಪಾಲುಗಳನ್ನು ಎಣಿಸಿ ಹೇಳುತ್ತವೆ. 13 ಮತ್ತು 14ನೆಯ ವಚನಗಳು ಇವು ಅಲ್ಲಾಹನು ನಿಶ್ಚಯಿಸಿದ ಮೇರೆಗಳೆಂದು ತಿಳಿಸಿ, ಪಾಲಿಸಿದವರಿಗೆ ಸ್ವರ್ಗದ ಸುವಾರ್ತೆಯನ್ನೂ ಮೀರಿದವರಿಗೆ ನರಕದ ಎಚ್ಚರಿಕೆಯನ್ನೂ ನೀಡುತ್ತವೆ.

ಈ ವಚನಗಳ ಹಿನ್ನೆಲೆ ಹೃದಯಸ್ಪರ್ಶಿಯಾಗಿದೆ. ಆಯುಧ ಹಿಡಿದು ಯುದ್ಧ ಮಾಡಲಾರದವರಿಗೆ ಸೊತ್ತಿನಲ್ಲಿ ಪಾಲಿಲ್ಲ ಎಂಬುದು ಅಜ್ಞಾನ ಕಾಲದ ಅರಬರ ಪದ್ಧತಿ. ಹಿಜ್ರಿ 3ರಲ್ಲಿ (ಕ್ರಿ.ಶ. 625) ನಡೆದ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಪತ್ನಿ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದು, ಮಕ್ಕಳ ಚಿಕ್ಕಪ್ಪ ಎಲ್ಲ ಸೊತ್ತನ್ನೂ ತೆಗೆದುಕೊಂಡಿದ್ದಾರೆ, ಕೈಯಲ್ಲಿ ಏನೂ ಇಲ್ಲದ ಈ ಮಕ್ಕಳ ಮದುವೆ ಹೇಗಾದೀತು ಎಂದು ದೂರಿಕೊಂಡರು. ಅಲ್ಲಾಹನೇ ಇದನ್ನು ತೀರ್ಮಾನಿಸುವನೆಂದು ಪ್ರವಾದಿವರ್ಯರು(ಸ) ಹೇಳಿದರು. ವಾರಸು ವಚನಗಳು ಅವತೀರ್ಣಗೊಂಡವು. ಆಗ ಅವರು ಆ ಚಿಕ್ಕಪ್ಪನನ್ನು ಕರೆಸಿ, ಸೊತ್ತಿನ ಮೂರನೆಯ ಎರಡು ಭಾಗವನ್ನು ಆ ಹೆಣ್ಣುಮಕ್ಕಳಿಗೆ, ಎಂಟನೆಯ ಒಂದು ಭಾಗವನ್ನು ಅವರ ತಾಯಿಗೆ ಕೊಟ್ಟು, ಉಳಿದುದನ್ನು ನೀನು ಇಟ್ಟುಕೋ ಎಂದು ಆದೇಶಿಸಿದರು. ತಿರ್ಮಿದಿ ಮತ್ತು ಅಬೂದಾವೂದ್ ಗ್ರಂಥಗಳಲ್ಲಿ ಈ ಘಟನೆ ವರದಿಯಾಗಿದೆ.

ಒಬ್ಬ ವಿಧವೆ ಬಾಯಿ ತೆರೆದು ಕೇಳಿದಳು. ಉತ್ತರವು ಆಕಾಶದಿಂದ ಬಂತು. ಇಂದು ನಮ್ಮ ಮನೆಯ ಹೆಣ್ಣುಮಗಳು ಕೇಳಿದರೆ ಸಿಗುವ ಉತ್ತರವೇನು?

ನಾವು ಹೇಳುವ ನೆಪಗಳು

'ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ!' ಇದು ಮೊದಲ ನೆಪ. ಸಹೋದರರೇ, ಮದುವೆಯಲ್ಲಿ ವರನು ವಧುವಿಗೆ ಮಹರ್ ಕೊಡಬೇಕೆಂಬುದು ಅಲ್ಲಾಹನ ಆಜ್ಞೆ. ವಧುವಿನ ತಂದೆ ವರನಿಗೆ ಗಾಡಿ, ನಗದು ಕೊಡಬೇಕೆಂಬುದು ಯಾರ ಆಜ್ಞೆ? 1961ರಿಂದ ದೇಶದ ಕಾನೂನೂ ಅದನ್ನು ನಿಷೇಧಿಸಿದೆ. ಶರೀಅತ್ತಿನಲ್ಲಿಲ್ಲದ ಖರ್ಚನ್ನು ಮಾಡಿ, ಶರೀಅತ್ತಿನಲ್ಲಿರುವ ಪಾಲಿನಿಂದ ಅದನ್ನು ಮುರಿದುಕೊಳ್ಳುವುದು ಯಾವ ನ್ಯಾಯ? ಗಂಡುಮಕ್ಕಳ ಮದುವೆಯ ವಲೀಮಾ ಖರ್ಚನ್ನು ಅವರ ಪಾಲಿನಿಂದ ಯಾರಾದರೂ ಮುರಿದದ್ದುಂಟೇ?

'ಅವಳೇ ಬೇಡವೆಂದಳು.' ಇದು ಎರಡನೆಯದು. ನಿಜವಾಗಿಯೂ ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ, ಈದ್‌ಗೆ ಕರೆಯುವವರಿಲ್ಲದಂತಾದೀತೆಂಬ ಸಂಕಟದಿಂದ ಆಡಿದ 'ಬೇಡ' ಎಂಬ ಮಾತು ಮನಃಪೂರ್ವಕವೇ? ಇದನ್ನು ಪರೀಕ್ಷಿಸುವ ಸುಲಭ ದಾರಿಯೊಂದಿದೆ. ಮೊದಲು ಅವಳ ಪಾಲನ್ನು ಅವಳ ಕೈಗೆ ಕೊಡಿ, ಅವಳ ಖಾತೆಗೆ ಹಾಕಿ. ಆಮೇಲೆ ಅವಳು ತಾನಾಗಿ ಹಿಂದಿರುಗಿಸಿದರೆ ಪಡೆಯಿರಿ. ಎಷ್ಟು ಜನ ಹಿಂದಿರುಗಿಸುತ್ತಾರೆಂದು ಆಗ ತಿಳಿಯುತ್ತದೆ.

'ಹೊಲದಲ್ಲಿ ದುಡಿದವನು ನಾನು, ಅಬ್ಬಾರ ಬೋರ್‌ವೆಲ್ ಸಾಲ ತೀರಿಸಿದವನು ನಾನು.' ಈ ಮಾತಿನಲ್ಲಿ ನ್ಯಾಯವಿದೆ. ಇಸ್ಲಾಮ್ ಅದನ್ನು ತಳ್ಳಿಹಾಕುವುದಿಲ್ಲ. ಮೃತರ ಸಾಲ ತೀರಿದ ಬಳಿಕವೇ ಪಾಲು. ತಂದೆಯ ಸಾಲಕ್ಕೆಂದು ಮಗ ತನ್ನ ಕೈಯಿಂದ ಕೊಟ್ಟಿದ್ದರೆ ಅದನ್ನು ಲೆಕ್ಕಕ್ಕೆ ತರಲಿ, ಎಲ್ಲರ ಮುಂದೆ ಬರೆಯಲಿ. ಲೆಕ್ಕ ಹಾಕುವುದು ಬೇರೆ, ಲೆಕ್ಕವೇ ಇಲ್ಲದೆ ಎಲ್ಲವನ್ನೂ ಇಟ್ಟುಕೊಳ್ಳುವುದು ಬೇರೆ.

'ಮಗಳಿಗೆ ಮಗನ ಅರ್ಧ ಮಾತ್ರ ಏಕೆ?' ಎಂದು ಓದಿದ ಮಕ್ಕಳು ಕೇಳುತ್ತಾರೆ. ಅವರ ಬಾಯಿ ಮುಚ್ಚಿಸದೆ ವಿವರಿಸಿರಿ. ಮಡದಿಗೆ ಮಹರ್ ಕೊಡುವ, ಮನೆಯ ಖರ್ಚು ಹೊರುವ ಹೊಣೆಯನ್ನು ಇಸ್ಲಾಮ್ ಪುರುಷನ ಹೆಗಲಿಗೆ ಹಾಕಿದೆ. ಸ್ತ್ರೀಯ ಸೊತ್ತು ಅವಳದೇ. ಗಂಡನೂ ಅದನ್ನು ಕೇಳುವಂತಿಲ್ಲ. ಆದರೆ ಈ ಉತ್ತರ ಹೇಳುವ ಅರ್ಹತೆ ಇರುವುದು ಯಾರಿಗೆ? ಆ ಅರ್ಧವನ್ನಾದರೂ ಕೊಟ್ಟವರಿಗೆ. ಕೊಡದವರು ಹೇಳಿದರೆ ಮಗಳು ದೀನನ್ನೇ ಸಂಶಯಿಸುತ್ತಾಳೆ. ಅವಳು ದೀನಿನಿಂದ ದೂರವಾದರೆ ಮೊಬೈಲನ್ನು ದೂಷಿಸಿ ಏನು ಪ್ರಯೋಜನ?

ನಮ್ಮ ನೆರೆಯ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹಕ್ಕು ನೀಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ನಮ್ಮ ಹೆಣ್ಣುಮಕ್ಕಳ ಹಕ್ಕು ಹದಿನಾಲ್ಕು ಶತಮಾನಗಳಷ್ಟು ಹಳೆಯದು. ಹಾಗೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಆದರೆ ಪಹಣಿಯ ಕಾಲಂನಲ್ಲಿ ಅವಳ ಹೆಸರು ಇದೆಯೇ?

ಒಂದು ಸರಳ ಲೆಕ್ಕ

ಪಾಲು ಮಾಡುವುದು ಕಷ್ಟವೆಂದು ಹೇಳುವವರಿಗಾಗಿ ಒಂದು ಉದಾಹರಣೆ. ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ತೀರಿಕೊಂಡರೆನ್ನಿ. ಅವರ ತಂದೆತಾಯಿ ಮೊದಲೇ ತೀರಿಹೋಗಿದ್ದಾರೆ. ಅವರ ನಾಲ್ಕು ಎಕರೆಗೆ ಎಕರೆಗೆ 21,000ದಂತೆ ವರ್ಷಕ್ಕೆ 84,000 ರೂಪಾಯಿ ಗುತ್ತಿಗೆ ಹಣ ಬರುತ್ತದೆ. ಪತ್ನಿಗೆ ಎಂಟನೆಯ ಒಂದು ಭಾಗ, ಅಂದರೆ 10,500. ಉಳಿದ 73,500ನ್ನು ಆರು ಪಾಲು ಮಾಡಿದರೆ ಒಂದೊಂದು 12,250. ಪ್ರತಿ ಮಗಳಿಗೆ ಒಂದು ಪಾಲು, ಪ್ರತಿ ಮಗನಿಗೆ ಎರಡು ಪಾಲು, ಅಂದರೆ 24,500. ಅಷ್ಟೇ! ಐದು ನಿಮಿಷದ ಕೆಲಸ.

ಹನ್ನೆರಡು ಸಾವಿರ ಚಿಕ್ಕ ಮೊತ್ತವೆಂದು ತೋರಬಹುದು. ಆದರೆ ಅದು ಮನೆಯಲ್ಲಿ ಬೀಡಿ ಸುತ್ತಿ, ಬಟ್ಟೆ ಹೊಲಿದು ಮಕ್ಕಳನ್ನು ಓದಿಸುವ ತಾಯಿಯೊಬ್ಬಳ ಕೈಗೆ ವರ್ಷ ವರ್ಷ ಬಂದರೆ, ಅದು ಒಂದು ಮಗುವಿನ ಕಾಲೇಜು ಶುಲ್ಕ. ಗಂಡನನ್ನು ಕಳೆದುಕೊಂಡವಳಿಗೆ ಅದು ಕೈಚಾಚದೆ ಬದುಕುವ ಮಾನ.

ಇಂದೇ ಏನು ಮಾಡಬಹುದು?

ನೀವು ತಂದೆಯಾಗಿದ್ದರೆ: ನಿಮ್ಮ ಸೊತ್ತು, ಸಾಲ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮಡದಿಯ ಮಹರ್ ಬಾಕಿ ಇದ್ದರೆ ಅದು ನಿಮ್ಮ ಮೇಲಿನ ಸಾಲವೆಂದು ನೆನಪಿಡಿ, ಇಂದೇ ಕೊಟ್ಟುಬಿಡಿ. ಬದುಕಿರುವಾಗಲೇ ಎಲ್ಲವನ್ನೂ ಗಂಡುಮಕ್ಕಳ ಹೆಸರಿಗೆ ಬರೆದು ಹೆಣ್ಣುಮಕ್ಕಳನ್ನು ವಂಚಿಸಬೇಡಿ. ನುಅ್ಮಾನ್ ಬಿನ್ ಬಶೀರ್(ರ)ರ ತಂದೆ ಅವರೊಬ್ಬರಿಗೆ ಮಾತ್ರ ಕೊಡುಗೆ ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೋರಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು ವಿಚಾರಿಸಿ, ಇಲ್ಲವೆಂದು ತಿಳಿದ ಮೇಲೆ ಸಾಕ್ಷಿಯಾಗಲು ಅವರು ಒಪ್ಪಲಿಲ್ಲ.

ನೀವು ಸಹೋದರರಾಗಿದ್ದರೆ: ಪೌತಿ ಖಾತೆಗೆ ಅರ್ಜಿ ಕೊಡುವಾಗ ವಂಶವೃಕ್ಷದಲ್ಲಿ ತಾಯಿ ಮತ್ತು ಸಹೋದರಿಯರ ಹೆಸರನ್ನು ಸೇರಿಸಿರಿ. ಹೊಲ ತುಂಡಾಗಬಾರದೆಂದಿದ್ದರೆ ಬೆಲೆ ಕಟ್ಟಿ ಅವರ ಪಾಲಿನ ಹಣವನ್ನು ಒಪ್ಪಿಗೆಯ ಕಂತುಗಳಲ್ಲಿ ಕೊಡಬಹುದು. ಹಿಂದೆ ಕೊಡದೆ ಉಳಿದಿದ್ದರೆ ಕಾಲ ಮೀರಿತೆಂದು ಭಾವಿಸಬೇಡಿ. ಹಕ್ಕು ಹಳೆಯದಾದಷ್ಟೂ ಹೊರೆ ಭಾರವಾಗುತ್ತದೆ, ಕರಗುವುದಿಲ್ಲ. ಪಾಲಿನ ಲೆಕ್ಕದಲ್ಲಿ ತೊಡಕಿದ್ದರೆ ತಿಳಿದ ಆಲಿಮರನ್ನು ಕೇಳಿರಿ.

ನೀವು ಸಹೋದರಿಯಾಗಿದ್ದರೆ: ಓದದೆ ಸಹಿ ಹಾಕಬೇಡಿ. ನಿಮ್ಮ ಪಾಲನ್ನು ಕೇಳುವುದು ದುರಾಸೆಯಲ್ಲ, ತವರಿನ ಮೇಲಿನ ದ್ವೇಷವೂ ಅಲ್ಲ. ಸಅದ್(ರ)ರ ಪತ್ನಿ ಕೇಳಿದರು. ಅವರನ್ನು ಯಾರೂ ಗದರಿಸಲಿಲ್ಲ. ಮೃದುವಾಗಿ ಕೇಳಿರಿ, ಹಿರಿಯರ ಮುಂದೆ ಕೇಳಿರಿ. ಆದರೆ ಕೇಳಿರಿ.

ಮಸೀದಿ ಕಮಿಟಿಯವರೂ ಸುಮ್ಮನಿರಬಾರದು. ಶಿರಾದ ಜುಮ್ಮಾ ಮಸೀದಿ 1696ರಲ್ಲಿ ಕಟ್ಟಿದ್ದು. ಮುನ್ನೂರು ವರ್ಷಗಳಿಂದ ನಮ್ಮ ನಾಡಿನ ಮಸೀದಿಗಳಲ್ಲಿ ನಮಾಝಿನ ಸಾಲುಗಳನ್ನು ನೇರವಾಗಿಸಿಕೊಳ್ಳುತ್ತಾ ಬಂದಿದ್ದೇವೆ. ಜನಾಝಾ ಮುಗಿದ ನಾಲ್ಕಾರು ವಾರಗಳಲ್ಲಿ ಇಬ್ಬರು ಹಿರಿಯರು ಆ ಮನೆಗೆ ಹೋಗಿ, ಪಾಲಿನ ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುವ ರೂಢಿಯನ್ನೂ ತರಬಾರದೇಕೆ?

ಸಾಸಿವೆಯ ಕಾಳು

ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶವನ್ನು ಕುರ್‌ಆನ್ ವಿವರಿಸಿದೆ. ಕರ್ಮವು ಸಾಸಿವೆ ಕಾಳಿನಷ್ಟೇ ಚಿಕ್ಕದಾಗಿದ್ದರೂ, ಅದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದು ಅವರು ಮಗನಿಗೆ ಕಲಿಸಿದರು (31:16). ಮಧುಗಿರಿಯವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ಊರಿನ ಮೇಲೆ ನಿಂತಿರುವ ಆ ಏಕಶಿಲಾ ಬೆಟ್ಟವನ್ನು ದಿನವೂ ನೋಡುತ್ತಾರೆ. ಅಷ್ಟು ದೊಡ್ಡ ಬಂಡೆಯೊಳಗೆ ಒಂದು ಸಾಸಿವೆ ಕಾಳು! ಮನುಷ್ಯನಿಗೆ ಅದು ಸಿಗದು. ತಾಲೂಕು ಕಚೇರಿಯ ಕಡತಗಳಲ್ಲೂ ಸಿಗದು. ಅಲ್ಲಾಹನಿಗೆ ಸಿಗುತ್ತದೆ.

ಮಕ್ಕಳಿಗೆ ಕುಟುಂಬದ ಮೌಲ್ಯಗಳನ್ನು ಕಲಿಸಬೇಕೆಂಬ ಆಸೆ ನಿಮಗಿದೆಯಲ್ಲವೇ? ಹಾಗಾದರೆ ಮುಂದಿನ ಗುತ್ತಿಗೆ ಹಣವೋ ಪರಿಹಾರದ ಹಣವೋ ಬೆಳೆಯ ಹಣವೋ ಬಂದ ದಿನ, ಮಗನನ್ನು ಜೊತೆಗೆ ಕರೆದುಕೊಂಡು ಅವನ ಫೂಫಿಯ ಮನೆಗೆ ಹೋಗಿರಿ. ಅವರ ಪಾಲನ್ನು ಅವನ ಕೈಯಿಂದಲೇ ಕೊಡಿಸಿರಿ. ಆ ಒಂದು ದಿನದಲ್ಲಿ ಅವನು ಕಲಿಯುವುದನ್ನು ನೂರು ಪ್ರವಚನಗಳೂ ಕಲಿಸಲಾರವು.

ಪ್ರತಿಯೊಬ್ಬರ ಹಕ್ಕನ್ನೂ ಅವರವರಿಗೆ ಸಲ್ಲಿಸಿ, ಹಗುರವಾದ ಹೆಗಲಿನೊಂದಿಗೆ ತನ್ನ ಮುಂದೆ ನಿಲ್ಲುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.